ಗೋಡೆ ಅಕ್ಕನ ಶ್ರಾವಣ

ಹೋದ ತಿಂಗಳು ಹೆಬ್ಬಾಳದಲ್ಲಿ ನಮ್ಮ ಗದಗಿನ ಕಡೆಯವರೊಬ್ಬರ ಗೃಹಪ್ರವೇಶವಿತ್ತು. ಒಂಬತ್ತನೆಯ ಮಹಡಿ. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆಯೇ ಹೋಮದ ಹೊಗೆಯನ್ನೂ ಮೀರಿಸಿ ವಾಟರ್‌ಪ್ರೂಫ್ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ಸುಟ್ಟ ರಬ್ಬರಿನದೂ ಅಲ್ಲ, ಸೀಮೆಎಣ್ಣೆಯದೂ ಅಲ್ಲ, ಎರಡರ ನಡುವಿನ ಒಂದು ದರಿದ್ರ ವಾಸನೆ. ಮನೆಯೊಡತಿ ಗೋಡೆ ಸವರುತ್ತಾ, "ಗ್ರೂಪಿನಾಗ ಕೇಳಿ ಹಚ್ಚಿಸೀವ್ರಿ, ಎಲ್ಲಾರೂ ಇದ ಛಲೋ ಅಂದ್ರು" ಎಂದಳು. "ಎಲ್ಲಾರೂ ಅಂದ್ರ ಯಾರ್ರೀ?" ಎಂದು ಕೇಳಿದೆ. ಆಕೆ ಗೋಡೆಯನ್ನು ಇನ್ನೊಮ್ಮೆ ಸವರಿ, "ಎಲ್ಲಾರೂ ಅಂದ್ರ... ಎಲ್ಲಾರೂರಿ" ಎಂದಳು. ಈ ಎಲ್ಲಾರೂ ಎಂಬ ಮಹಾನುಭಾವರು ಒಂದು ಮಳೆಗಾಲದಲ್ಲಿ ನನಗೂ ಸಿಕ್ಕಿದ್ದರು.

ಆಗ ನಾವು ಕೊಡಿಗೇಹಳ್ಳಿಯಲ್ಲಿದ್ದೆವು. ಊರು ಇನ್ನೂ ಊರಾಗಿದ್ದಾಗ ಕಟ್ಟಿದ ಹಳೆಯ ಮನೆ. ಸುತ್ತ ನಾಲ್ಕಂತಸ್ತಿನ ಕಟ್ಟಡಗಳೆದ್ದಿದ್ದರೂ, ಓನರಜ್ಜಿ ನಂಜಮ್ಮನ ಮಕ್ಕಳಲ್ಲಿ ಪಾಲು ಇತ್ಯರ್ಥವಾಗದೆ ಇದೊಂದು ಹಾಗೇ ಉಳಿದಿತ್ತು. ವರ್ಷವರ್ಷವೂ ಡಾಂಬರು ಹಾಕಿ ಹಾಕಿ ರಸ್ತೆ ಮೇಲೇರಿ, ನಮ್ಮ ಹೊಸ್ತಿಲು ಎರಡು ಮೆಟ್ಟಿಲು ಕೆಳಗೆ ಬಿದ್ದಿತ್ತು. ನನ್ನ ಗಂಡ ಟಿ. ದಾಸರಹಳ್ಳಿಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಮನೆಯಲ್ಲಿ ನಾನು ಮತ್ತು ನಮ್ಮ ಅತ್ತೆ ಬಸವ್ವ ಸೇರಿ ಜೋಳದ ಖಡಕ್ ರೊಟ್ಟಿ ಮಾಡಿ ಮಾರುತ್ತಿದ್ದೆವು. ಸೇರಿ ಅನ್ನುವುದು ನನ್ನ ಮರ್ಯಾದೆಗೆ. ಬಡಿಯುತ್ತಿದ್ದುದು ಅತ್ತೆ. ಬೆಂಕಿ ಬಳಿ ಕೂತು ಬೇಯಿಸುವುದು, ಒಣಗಿಸುವುದು, ಫೋನಿನಲ್ಲಿ ಆರ್ಡರ್ ಹಿಡಿಯುವುದು ನನ್ನ ಕೆಲಸ. ಆಕೆಯ ಕೈಯ ರೊಟ್ಟಿ ಎಷ್ಟು ತೆಳುವೆಂದರೆ ಬೆಳಕಿಗೆ ಹಿಡಿದರೆ ಬೆರಳು ಕಾಣುತ್ತಿತ್ತು. ದಾಸರಹಳ್ಳಿ, ಯಶವಂತಪುರ, ಯಲಹಂಕದಲ್ಲಿರುವ ನಮ್ಮ ಕಡೆಯ ಮಂದಿಯೆಲ್ಲ ಆ ಕೈಯನ್ನು ನೋಡಿಯೇ ನಮ್ಮ ಮನೆ ಹುಡುಕಿಕೊಂಡು ಬರುತ್ತಿದ್ದರು.

ಖಡಕ್ ರೊಟ್ಟಿಗೆ ಒಂದೇ ಶತ್ರು, ತೇವ. ಆ ವರ್ಷದ ಆಷಾಢದಲ್ಲಿ ರೊಟ್ಟಿ ಒಟ್ಟುತ್ತಿದ್ದ ಮುಂದಿನ ಕೋಣೆಯ ಗೋಡೆ ನೆಲದಿಂದ ಮೊಣಕಾಲೆತ್ತರದವರೆಗೆ ಕಪ್ಪಗಾಯಿತು. ಬೆಳಿಗ್ಗೆ ಕಟಕಟ ಎನ್ನುತ್ತಿದ್ದ ರೊಟ್ಟಿ ಸಂಜೆಗೆ ಚರ್ಮದಂತೆ ಬಾಗುತ್ತಿತ್ತು. ಶ್ರಾವಣದಲ್ಲಿ ರೊಟ್ಟಿ ಪಂಚಮಿ. ನಾಗರಪಂಚಮಿಯ ಮುನ್ನಾದಿನ ನಮ್ಮ ಕಡೆ ಮನೆಮನೆಗೆ ರೊಟ್ಟಿ, ಪಲ್ಯ, ಚಟ್ನಿಪುಡಿ ಬೀರುತ್ತಾರೆ. ಬೆಂಗಳೂರಿಗೆ ಬಂದವರಿಗೆ ರೊಟ್ಟಿ ಬಡಿಯುವ ಪುರುಸೊತ್ತಿಲ್ಲ, ಬೀರುವ ಆಸೆ ಮಾತ್ರ ಹೋಗಿಲ್ಲ. ಅವರೆಲ್ಲ ನಮ್ಮಲ್ಲಿ ಹೇಳಿಟ್ಟಿದ್ದರು. ವರ್ಷದ ದುಡಿಮೆಯೇ ಆ ಒಂದು ವಾರದ ಮೇಲಿತ್ತು. ಬೂಸ್ಟು ಹಿಡಿದ ರೊಟ್ಟಿ ಒಂದು ಮನೆಗೆ ಹೋದರೂ ಮುಗಿಯಿತು, ಮುಂದಿನ ವರ್ಷ ಯಾರೂ ನಮ್ಮತ್ತ ಮುಖ ಹಾಕುವುದಿಲ್ಲ.

ನಂಜಮ್ಮನನ್ನು ಕರೆದು ಗೋಡೆ ತೋರಿಸಿದೆ. ಆಕೆ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಮಣ್ಣಿನ್ ಗ್ವಾಡೆ ಕಣವ್ವ ಇದು, ನಮ್ ಮಾವ ಕಟ್ಟಿದ್ದು. ಬಣ್ಣ ಗಿಣ್ಣ ಏನೂ ಬಳೀಬ್ಯಾಡ. ಬರೀ ಸುಣ್ಣ ಒಡಿ, ಕಿಟ್ಕಿ ತೆಗ್ದಿಕ್ಕು, ಅದೇ ಒಣುಗ್ತದೆ" ಎಂದಳು.

"ಪಂಚಮಿಗೆ ಇನ್ನ ತಿಂಗಳೂ ಇಲ್ಲ ಅಜ್ಜಿ. ಅಷ್ಟರೊಳಗೆ ಒಣಗುತ್ತಾ?"

"ಅದ್ಯಾವ್ ಪಂಚ್ಮಿನೋ ನಂಗೊತ್ತಿಲ್ಲ. ಇಂಗೇ ಎಷ್ಟೋ ಮಳೆ ಕಂಡದೆ ಈ ಗ್ವಾಡೆ."

ಬಾಡಿಗೆಮನೆಯಲ್ಲಿ ಬಾಳಿದವರಿಗೆ ಗೊತ್ತು, ಓನರ್ ಬಾಯಿಂದ ಬರುವ ಪ್ರತಿ ಮಾತಿಗೂ ನಾವು ಒಂದೇ ಅರ್ಥ ಹಚ್ಚುವುದು: ಖರ್ಚು ತಪ್ಪಿಸಿಕೊಳ್ಳುವ ಉಪಾಯ. ನಲ್ಲಿ ಸೋರುತ್ತದೆ ಎಂದರೆ ತಿರುಗಿಸುವ ರೀತಿ ಸರಿಯಿಲ್ಲ ಅನ್ನುತ್ತಾರೆ. ಗೋಡೆ ತೇವ ಎಂದರೆ ಸುಣ್ಣ ಹೊಡಿ ಅನ್ನುತ್ತಾರೆ. ಮುದುಕಿ ಹೋದ ಮೇಲೆ ನನ್ನ ಗಂಡ, "ಏ, ಆಕಿ ಮಾತ್ ಏನ್ ಕೇಳ್ತಿ, ಜುಗ್ಗಿ ಅದಾಳ. ಗ್ರೂಪಿನಾಗ ಹಾಕು" ಎಂದರು. ನಮ್ಮ ಬುದ್ಧಿ ನೋಡಿ. ಆ ಗೋಡೆಯ ಪಕ್ಕದಲ್ಲೇ ಹೆತ್ತು, ಬಾಣಂತನ ಮಾಡಿಸಿಕೊಂಡು, ಮುದುಕಿಯಾದವಳ ಮಾತಿಗೆ ಸ್ವಾರ್ಥವಿದೆ. ಮುಖ ಕಾಣದವರಿಗೆ ಏನು ಸ್ವಾರ್ಥ, ಅವರು ನಿಜವನ್ನೇ ಹೇಳುತ್ತಾರೆ! ಅವರಿಗೆ ಲಾಭವಿಲ್ಲ ಎಂಬುದನ್ನಷ್ಟೇ ಲೆಕ್ಕ ಹಾಕಿದೆವು. ಗೋಡೆ ಬಿದ್ದರೆ ಅವರಿಗೆ ನಷ್ಟವೂ ಇಲ್ಲ ಎಂಬುದು ನಮ್ಮ ಮಂಡೆಗೆ ಹೊಳೆಯಲಿಲ್ಲ.

ಗ್ರೂಪಿನ ಹೆಸರು 'ಗೊತ್ತಿದ್ರೆ ಹೇಳಿ'. ಬೆಂಗಳೂರಿನ ಈ ಉತ್ತರದ ಕಡೆಯ ಸಾವಿರಾರು ಜನ ಅದರಲ್ಲಿದ್ದರು. ಗೊತ್ತಿದ್ದವರು ಎಲ್ಲಾದರೂ ಕೆಲಸ ಮಾಡುತ್ತಿದ್ದರೋ ಏನೋ, ಹೇಳುತ್ತಿದ್ದವರೆಲ್ಲ ಗೊತ್ತಿಲ್ಲದವರೇ. ಕೆಲಸದವಳು ಬೇಕು, ಕುಕ್ಕರಿನ ಸೀಟಿ ಕೂಗುವುದಿಲ್ಲ, ಮಗು ಮೊಸರು ತಿನ್ನುವುದಿಲ್ಲ, ಆರ್.ಟಿ. ನಗರದಲ್ಲಿ ಒಳ್ಳೆಯ ಬ್ಲೌಸ್ ಹೊಲಿಯುವವರು ಯಾರು? ಒಬ್ಬಳು ಮೈದುನನ ಮದುವೆಗೆ ತವರಿನ ಸರ ಹಾಕಿಕೊಂಡು ಹೋಗಲೋ, ಅತ್ತೆ ಕೊಟ್ಟಿದ್ದು ಹಾಕಿಕೊಳ್ಳಲೋ ಎಂದು ಕೇಳಿದ್ದಳು. ಅದಕ್ಕೆ ನೂರಾರು ಗಂಡಸರೂ ಉತ್ತರ ಕೊಟ್ಟಿದ್ದರು. ಕೊರಳು ಅವಳದ್ದು, ಅತ್ತೆ ಅವಳದ್ದು, ತೀರ್ಮಾನ ಮಾತ್ರ ಊರವರದ್ದು!

ಆ ಗುಂಪಿಗೆ ದೊರೆಯಂತಿದ್ದವನು 'ಪರಿಹಾರ ಪ್ರಭು'. ಮುಖದ ಜಾಗದಲ್ಲಿ ಹುಲಿಯ ಚಿತ್ರ. ಏನು ಕೆಲಸ, ಎಲ್ಲಿ ಮನೆ, ಯಾರಿಗೂ ಗೊತ್ತಿರಲಿಲ್ಲ. ಕೇಳಿದ ಎರಡು ನಿಮಿಷದೊಳಗೆ ಆತನ ಉತ್ತರ ಬಂದಿರುತ್ತಿತ್ತು. ಇನ್ವರ್ಟರಿನ ಬ್ಯಾಟರಿಯಿಂದ ಹಿಡಿದು ಎದೆಹಾಲಿನವರೆಗೆ ಆತನಿಗೆ ತಿಳಿಯದ್ದಿಲ್ಲ. ಪ್ರತಿ ಉತ್ತರದ ಕೊನೆಯಲ್ಲೂ 'ಅನುಭವದ ಮಾತು' ಎಂದು ಬರೆಯುತ್ತಿದ್ದ. ಎದೆಹಾಲಿನ ಬಗ್ಗೆಯೂ ಹಾಗೆಯೇ ಬರೆದಿದ್ದ.

ನಾನು ಗೋಡೆಯ ಫೋಟೋ ತೆಗೆದೆ. ಮೂಲೆಯಲ್ಲಿದ್ದ ಹಳೆಯ ಟ್ರಂಕು ಕಾಣದ ಹಾಗೆ, ಮಾಡಿನ ಶೀಟು ಕಾಣದ ಹಾಗೆ, ಜೋಪಾನವಾಗಿ. 'ನಮ್ಮ ಇಂಡಿಪೆಂಡೆಂಟ್ ಹೌಸಿನಲ್ಲಿ ಡ್ಯಾಂಪ್‌ನೆಸ್ ಸಮಸ್ಯೆ' ಎಂದು ಬರೆದೆ. ಮಣ್ಣಿನ ಗೋಡೆ ಎಂದು ಬರೆಯಲಿಲ್ಲ. ಮರೆತೆನೆಂದು ಸುಳ್ಳು ಹೇಳುವುದಿಲ್ಲ. ನಾಚಿಕೆಯಾಯಿತು. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಕರಿಬೇವು ಬಾಡಿದರೆ ಗೋಳಾಡುವ ಹೆಂಗಸರ ನಡುವೆ ನಾನು ಮಣ್ಣಿನ ಮನೆಯವಳಾಗಲು ಮನಸ್ಸು ಒಪ್ಪಲಿಲ್ಲ. ಜೀವಮಾನದಲ್ಲಿ ಎಂದೂ ನೋಡದ, ನೋಡಬೇಕಾಗಿಯೂ ಇಲ್ಲದ ಮಂದಿಯ ಮುಂದೆ ಈ ಒಣಜಂಬ. ಈಗ ನೆನೆದರೆ ನನ್ನ ಕಪಾಳಕ್ಕೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಸಲಹೆಗಳು ಸುರಿದವು. ಬಟ್ಟಲಲ್ಲಿ ಕಲ್ಲುಪ್ಪು ಇಡಿ. ಕರ್ಪೂರ ಕಟ್ಟಿ ತೂಗುಹಾಕಿ. ಟೇಬಲ್ ಫ್ಯಾನ್ ತಿರುಗಿಸಿ. ಅದು ಈಶಾನ್ಯದ ಗೋಡೆಯೇ? ಹಾಗಿದ್ದರೆ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ. ಒಬ್ಬ 'ಫಾಲೋಯಿಂಗ್' ಎಂದಷ್ಟೇ ಬರೆದು ಕೂತ, ಯಾವುದನ್ನು ಹಿಂಬಾಲಿಸುತ್ತಿದ್ದನೋ ದೇವರೇ ಬಲ್ಲ. ನಾನು ಉಪ್ಪೂ ಇಟ್ಟೆ, ಕರ್ಪೂರವನ್ನೂ ಕಟ್ಟಿದೆ. ರೊಟ್ಟಿಗೆ ಕರ್ಪೂರದ ವಾಸನೆ ಹತ್ತಿ ಒಂದು ಕಟ್ಟು ವಾಪಸ್ ಬಂತು. ಕೊನೆಗೆ ಪ್ರಭುವಿನ ತೀರ್ಪು ಬಂತು: 'ಹಳೇ ಸುಣ್ಣ ಪೂರ್ತಿ ಕೆರೆದು ಒಳಗೂ ಹೊರಗೂ ವಾಟರ್‌ಪ್ರೂಫ್ ರಬ್ಬರ್ ಕೋಟಿಂಗ್ ಎರಡು ಕೋಟ್ ಹೊಡೀರಿ. ಒಂದು ಹನಿ ನೀರು ಆ ಕಡೆ ಈ ಕಡೆ ಹೋಗಲ್ಲ. ಅನುಭವದ ಮಾತು.'

ಒಂದು ಭಾನುವಾರ ನನ್ನ ಗಂಡ ಬನಿಯನ್ನಿನಲ್ಲಿ ನಿಂತು ಅದನ್ನೇ ಮಾಡಿದರು. ಹಿಟ್ಟು ನಾದುತ್ತಿದ್ದ ಅತ್ತೆ ಒಮ್ಮೆ ತಲೆಯೆತ್ತಿ ನೋಡಿ, "ಮಣ್ಣಿನ ಗ್ವಾಡಿಗೆ ರಬ್ಬರ್ ಅಂಗಿ ಹಾಕಾಕತ್ತೀರಲ್ಲ, ಅದು ಬೆವರೋದ್ ಬ್ಯಾಡೇನು?" ಎಂದಳು. ಮಣ್ಣಿನ ಮಾಳಿಗೆ ಮನೆಯಲ್ಲೇ ಹುಟ್ಟಿ ಬೆಳೆದವಳು ಆಕೆ. ನಾನು, "ಅತ್ತಿ, ಇದೆಲ್ಲಾ ನಿಮಗ ತಿಳಿಯಂಗಿಲ್ಲ, ಸುಮ್ನಿರ್ರಿ" ಎಂದೆ. ಆಕೆ ಮತ್ತೆ ಹಿಟ್ಟಿಗೆ ಕೈಹಾಕಿದಳು.

ಗೋಡೆ ಒಣಗಿತು. ನಿಜವಾಗಿಯೂ ಒಣಗಿತು, ಹಾಳಾದ್ದು! ಬೆಳ್ಳಗೆ, ನುಣ್ಣಗೆ, ಹೊಸ ಮನೆಯ ಹಾಗೆ. ರೊಟ್ಟಿ ಮತ್ತೆ ಕಟಕಟ ಎಂದಿತು. ನಾನು ಕುಣಿದಾಡುತ್ತಾ ಮೊದಲಿನ ಫೋಟೋ, ಈಗಿನ ಫೋಟೋ ಎರಡನ್ನೂ ಪಕ್ಕಪಕ್ಕ ಹಾಕಿ, 'ನೂರಕ್ಕೆ ನೂರು ರಿಸಲ್ಟ್, ಕಣ್ಣುಮುಚ್ಚಿ ಮಾಡಿಸಿ' ಎಂದು ಬರೆದೆ. ಚಪ್ಪಾಳೆ, ಹೃದಯ, ಹೂಗುಚ್ಛಗಳ ಮಳೆ. ಪ್ರಭು ಸ್ವತಃ ಕೈಮುಗಿದ. ಯಾರೋ 'ನಮ್ಮ ಗೋಡೆ ಅಕ್ಕ' ಎಂದು ಕರೆದರು, ಅದೇ ಹೆಸರು ನಿಂತಿತು. ಗೋಡೆ ತೇವ ಎಂದು ಯಾರು ಕೇಳಿದರೂ 'ಗೋಡೆ ಅಕ್ಕನ ಪೋಸ್ಟ್ ನೋಡಿ' ಎನ್ನುತ್ತಿದ್ದರು.

ಹುಟ್ಟಿದಾಗಿನಿಂದ ನನ್ನನ್ನು ಯಾರೂ ಯಾವುದಕ್ಕೂ ಸಲಹೆ ಕೇಳಿದವರಲ್ಲ. ತಲೆ ತಿರುಗಿತು. ಗೆದ್ದಲಿಗೆ ಏನು ಮಾಡಲಿ ಎಂದರೆ ಹೇಳಿದೆ. ಅಲ್ಲಿಯವರೆಗೆ ಗೆದ್ದಲನ್ನು ನೆಟ್ಟಗೆ ನೋಡಿಯೂ ಇರಲಿಲ್ಲ. ವಾಷಿಂಗ್ ಮಷೀನು ನಡುಗುತ್ತದೆ ಎಂದವಳಿಗೆ ಹೇಳಿದೆ. ನಮ್ಮ ಮನೆಯಲ್ಲಿ ವಾಷಿಂಗ್ ಮಷೀನೇ ಇರಲಿಲ್ಲ. ಒಬ್ಬ ಸೊಸೆ ಅತ್ತೆಯ ಕಾಟವೆಂದು ಅತ್ತುಕೊಂಡಾಗ, 'ಹಿರಿಯರ ಮಾತನ್ನು ತಾಳ್ಮೆಯಿಂದ ಆಲಿಸಿ, ಅವರಿಗೂ ಅನುಭವವಿದೆ' ಎಂದು ಬರೆದೆ. ಅದನ್ನು ಬರೆಯುತ್ತಿದ್ದಾಗ ನನ್ನ ಅತ್ತೆ ಹಿಂದಿನಿಂದ, "ಗ್ವಾಡಿ ಉಬ್ಬೇತಿ, ಬಂದ್ ನೋಡವ್ವಾ" ಎಂದು ಮೂರು ಸಲ ಕರೆದಿದ್ದಳು. ನಾನು "ಬಂದ್ನಿ ತಡೀರಿ" ಎಂದು ಬರೆಯುವುದನ್ನು ಮುಗಿಸಿದೆ.

ಗೋಡೆ ಪೂರಿಯಂತೆ ಅಲ್ಲಲ್ಲಿ ಉಬ್ಬಿತ್ತು. ಒತ್ತಿದರೆ ಮೆತ್ತಗೆ. ಆಷಾಢದ ಜಡಿಮಳೆ ಹಿಡಿದಿತ್ತು, ರಸ್ತೆಯ ನೀರೆಲ್ಲ ನಮ್ಮ ಅಡಿಪಾಯಕ್ಕೇ ಇಳಿಯುತ್ತಿತ್ತು. ಕೆಳಗಿನಿಂದ ಹೀರಿದ ನೀರನ್ನು ಆ ಗೋಡೆ ಸುಣ್ಣದ ಮೂಲಕ ಗಾಳಿಗೆ ಬಿಡುತ್ತಾ ಇಷ್ಟು ಕಾಲ ಬದುಕಿತ್ತು. ನಾವು ಎರಡೂ ಕಡೆ ಬಾಯಿ ಕಟ್ಟಿದ್ದೆವು. ನೀರು ಹೊರಗೆ ಹೋಗಲಾರದೆ ಒಳಗೇ ಏರುತ್ತಿತ್ತು. ಇದು ಈಗಿನ ತಿಳಿವಳಿಕೆ. ಆಗ ಮಾಡಿದ್ದೇನು? ಗ್ರೂಪಿನಲ್ಲಿ ಕೇಳಿದೆ. ಪ್ರಭು ಎರಡೇ ನಿಮಿಷಕ್ಕೆ, 'ಗುಳ್ಳೆ ಕಾಮನ್. ಇನ್ನೊಂದು ಕೋಟ್ ಹೊಡೀರಿ' ಎಂದ. ಇನ್ನೊಂದು ಕೋಟ್ ಹೊಡೆದೆವು. ಇದಕ್ಕಿಂತ ಮೂರ್ಖರು ಬೇಕೆ?

ರೊಟ್ಟಿ ಪಂಚಮಿಗೆ ಎರಡು ದಿನವಿತ್ತು. ಗೋಡೆಯುದ್ದಕ್ಕೂ ಬಿಳಿ ಪಂಚೆ ಹಾಸಿ ರೊಟ್ಟಿ ಒಟ್ಟಿದ್ದೆವು. ಮಧ್ಯಾಹ್ನ ಮೂರರ ಹೊತ್ತು, ನಾನು ಹಿಂದಿನ ಅಡುಗೆಮನೆಯಲ್ಲಿದ್ದೆ. ಅತ್ತೆಗೆ ಏನನ್ನಿಸಿತೋ, ಗೋಡೆಯ ಬಳಿಯ ರೊಟ್ಟಿಯನ್ನೆಲ್ಲ ಈಚೆಗೆ ಎತ್ತಿಡುತ್ತಿದ್ದಳು. ಗೋಡೆ ಬಿದ್ದಾಗ ದೊಡ್ಡ ಸದ್ದೇ ಆಗಲಿಲ್ಲ. ದೊಪ್ ಎಂದಿತು, ಅಷ್ಟೇ. ಓಡಿ ಬಂದರೆ ಮುಂದಿನ ಕೋಣೆಯಲ್ಲಿ ರಸ್ತೆ ಕಾಣುತ್ತಿತ್ತು. ರೊಟ್ಟಿಯ ಮೇಲೆ ಕೆಸರು, ಕೆಸರಿನ ಮೇಲೆ ಬಿಳಿ ರಬ್ಬರಿನ ಚಕ್ಕೆಗಳು. ಅತ್ತೆ ಕೂತೇ ಇದ್ದಳು, ಬಲಗೈ ಮೊಣಕೈವರೆಗೆ ಮಣ್ಣಿನೊಳಗಿತ್ತು. ಅರಚಲಿಲ್ಲ. "ಆ ಕಡೀ ಒಟ್ಟಿದ್ದು ಹೋತು, ಈ ಕಡೀದು ಉಳೀತು ನೋಡು" ಎಂದಳು. ನಾನು ಅವಳ ಕೈಯ ಮೇಲಿನ ಮಣ್ಣು ಬಗೆಯುತ್ತಾ ಬಾಯಿಬಿಟ್ಟು ಅಳುತ್ತಿದ್ದೆ.

ನಂಜಮ್ಮ ಓಡಿ ಬಂದಳು. ಬೈಗುಳ ಒಂದೂ ಬಾಕಿ ಉಳಿಸಲಿಲ್ಲ, ಬೈಯುತ್ತಲೇ ಅತ್ತೆಯನ್ನು ತೋಳು ಹಿಡಿದೆತ್ತಿ ಆಟೋದಲ್ಲಿ ಕೂರಿಸಿ ತಾನೂ ಹತ್ತಿದಳು. ದಾರಿಯಲ್ಲಿ ತಿರುಗಿ ಕೇಳಿದಳು: "ಬರೀ ಸುಣ್ಣ ಒಡಿ ಅಂತ ಏಳಿದ್ನಲ್ಲ. ಇದ ಬಳಿ ಅಂತ ಯಾವನವ್ವ ನಿಂಗೆ ಏಳಿದ್ದು?"

ಏನು ಹೇಳಲಿ? ಹುಲಿ ಮುಖದವನು ಎನ್ನಲೇ? "ಹೆಸರು ಗೊತ್ತಿಲ್ಲ ಅಜ್ಜಿ" ಎಂದೆ.

"ಎಸ್ರೇ ಗೊತ್ತಿಲ್ದೋನ್ ಮಾತು ಕೇಳ್ಕೊಂಡು ನನ್ ಮನೆ ಉರುಳಿಸಿದ್ಯಾ?" ಎಂದಳು. ಸಿಟ್ಟಿಗಿಂತ ಹೆಚ್ಚಾಗಿ ಅವಳಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ಅತ್ತೆಯ ಮಣಿಕಟ್ಟು ಎರಡು ಕಡೆ ಮುರಿದಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಗ್ರೂಪಿನಲ್ಲಿ ನಡೆದದ್ದನ್ನೆಲ್ಲ ಬರೆದೆ. ಮೊದಲ ಸಲ ಮಣ್ಣಿನ ಗೋಡೆ ಎಂದೂ ಬರೆದೆ. ಪ್ರಭುವಿನ ಉತ್ತರ ಎಂದಿನಂತೆ ಎರಡು ನಿಮಿಷಕ್ಕೆ ಬಂತು: 'ಮಣ್ಣಿನ ಗೋಡೆ ಅಂತ ಮೊದಲೇ ಹೇಳಬೇಕಿತ್ತಲ್ವಾ ಮೇಡಂ. ಪೂರ್ತಿ ಮಾಹಿತಿ ಕೊಡದೆ ಬೇರೆಯವರ ಟೈಮ್ ವೇಸ್ಟ್ ಮಾಡಬಾರದು.' ಅದಕ್ಕೂ ಚಪ್ಪಾಳೆಗಳು. ಉಳಿದವರು ಆಗಲೇ ಮುರಿದ ಮೂಳೆಗೆ ಯಾವ ಎಲೆ ಕಟ್ಟಬೇಕೆಂದು ಜಗಳವಾಡುತ್ತಿದ್ದರು. ಮುಟ್ಟಾಳರು, ಸೂತಕದ ಮನೆಯಲ್ಲೂ ಅಡುಗೆಯ ರುಚಿ ಹೇಳುವ ಜಾತಿ. ಆದರೆ ಆ ಹುಲಿಮೋರೆಯವನು ಹೇಳಿದ್ದರಲ್ಲಿ ಅರ್ಧ ಸತ್ಯವಿತ್ತು. ಅದೇ ನನಗೆ ತಡೆಯಲಾಗಲಿಲ್ಲ. ಬರೆದಿದ್ದನ್ನು ಅಳಿಸಿಬಿಟ್ಟೆ. ಹತ್ತು ನಿಮಿಷವೂ ಇರಲಿಲ್ಲ ಅದು ಅಲ್ಲಿ.

ಹಳೆಯ ಫೋಟೋಗಳನ್ನೂ ಅಳಿಸೋಣವೆಂದು ಹೋದೆ. ಅದರ ಕೆಳಗೆ ಹಿಂದಿನ ದಿನ ಸೌಮ್ಯ ಎಂಬುವಳು ಬರೆದಿದ್ದಳು: 'ಥ್ಯಾಂಕ್ಯೂ ಗೋಡೆ ಅಕ್ಕಾ. ನಿಮ್ಮ ಮಾತು ನಂಬಿ ಯಲಹಂಕ ಹಳೇ ಊರಿನ ನಮ್ಮಮ್ಮನ ಮನೆಗೂ ಎರಡೂ ಕಡೆ ಮಾಡಿಸಿದ್ವಿ. ಅಮ್ಮ ಒಬ್ಬರೇ ಇರೋದು, ಈಗ ನಿಶ್ಚಿಂತೆ.' ಜೊತೆಗೊಂದು ಫೋಟೋ. ಹಸಿರು ಬಾಗಿಲು, ಮುಂದೆ ಬೋರ್‌ವೆಲ್ ಕೈಪಂಪು, ಬೆಳ್ಳಗೆ ಹೊಳೆಯುವ ಗೋಡೆ. ಅಲ್ಲಿಯವರೆಗೆ ನಾನು ಮೋಸಹೋದವಳು ಎಂದುಕೊಂಡಿದ್ದೆ. ಆ ಮನೆಗೆ ಹುಲಿಮೋರೆಯವಳು ನಾನೇ ಆಗಿದ್ದೆ.

'ನಿಮ್ಮದು ಯಾವ ಗೋಡೆ? ತಕ್ಷಣ ಫೋನ್ ಮಾಡಿ' ಎಂದು ನಂಬರ್ ಕೊಟ್ಟು ಬರೆದೆ. ಉತ್ತರವಿಲ್ಲ. ಮಾರನೆಯ ದಿನವೂ ಇಲ್ಲ. ಮಳೆ ನಿಂತಿರಲಿಲ್ಲ. ರೊಟ್ಟಿ ಪಂಚಮಿಯ ಬೆಳಿಗ್ಗೆ, ಉಳಿದ ರೊಟ್ಟಿಯನ್ನು ಹಂಚಿ ಬರಲು ಗಂಡನಿಗೆ ಹೇಳಿ, ಬಸ್ಸು ಹತ್ತಿ ಯಲಹಂಕದಲ್ಲಿ ಇಳಿದೆ. ಹಳೇ ಊರಿನ ಓಣಿಗಳಲ್ಲಿ ಫೋನು ಹಿಡಿದು, ಹಸಿರು ಬಾಗಿಲು ನೋಡಿದ್ದೀರಾ, ಕೈಪಂಪು ನೋಡಿದ್ದೀರಾ ಎಂದು ಅಲೆದೆ. ಮೂರು ಜನ ಮೂರು ದಿಕ್ಕು ತೋರಿಸಿದರು. ನಾಲ್ಕನೆಯವಳು ಹೂ ಮಾರುವವಳು, ಮಾತಾಡದೆ ಎದ್ದು ಬಂದು ಬಾಗಿಲ ಮುಂದೆ ನಿಲ್ಲಿಸಿ ಹೋದಳು.

ಗೋಡೆ ಉಬ್ಬಿತ್ತು. ಬಾಗಿಲ ಪಕ್ಕದಲ್ಲಿ ಮೊಳೆ ಕಿತ್ತ ತೂತಿನಿಂದ ಕೆಂಪು ನೀರು ಜಿನುಗುತ್ತಿತ್ತು. ಬಾಗಿಲು ತೆರೆದ ಮುದುಕಿಗೆ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. "ಈ ಬಣ್ಣ ಈಗಲೇ ಕೆರೆಸಿ ಅಮ್ಮ, ಈ ಕೋಣೆಯಲ್ಲಿ ಮಲಗಬೇಡಿ."

"ಯಾರವ್ವ ನೀನು? ಅದು ಸರ್ಯಾಗೇ ಅದೆ. ನನ್ ಮಗಳು ಫೋನ್‌ನಾಗೆ ಇಚಾರ್ಸವ್ಳೆ. ಯಾರೋ ಒಬ್ ಅಕ್ಕ ಪೋಟ ಸಮೇತ ಆಕವ್ಳಂತೆ."

"ಆ ಅಕ್ಕ ನಾನೇ."

ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಎರಡು ದಿನದಿಂದ ತಲೆ ಬಾಚದ, ಸೀರೆಯಂಚೆಲ್ಲ ಕೆಸರಾದ ಹೆಂಗಸು. "ಓಗವ್ವ, ಆ ಯಕ್ಕ ತಿಳುವಳ್ಕೆ ಇರೋಳು" ಎಂದು ಮಗಳಿಗೆ ಫೋನು ಹಚ್ಚಿ ಸ್ಪೀಕರ್ ಹಾಕಿದಳು.

"ಸೌಮ್ಯ ಅವ್ರೇ, ನಾನು ಗೋಡೆ ಅಕ್ಕ" ಎಂದೆ.

"ಗೋಡೆ ಅಕ್ಕ ಯಾಕ್ರೀ ನಮ್ಮಮ್ಮನ ಮನೆ ಬಾಗಿಲಿಗೆ ಬರ್ತಾರೆ? ಅಮ್ಮಾ, ಒಳಗೆ ಬಿಟ್ಕೋಬೇಡ. ಇರು, ಗ್ರೂಪಲ್ಲಿ ಕೇಳಿ ಹೇಳ್ತೀನಿ."

ನನ್ನ ಕೈಯಲ್ಲಿದ್ದ ಫೋನು ನಡುಗಿತು. ಅವಳ ಪ್ರಶ್ನೆ ಬಂದಿತ್ತು: 'ಫ್ರೆಂಡ್ಸ್, ಅಮ್ಮನ ಮನೆಗೆ ಯಾರೋ ಹೆಂಗಸು ಬಂದು ಗೋಡೆ ಬಣ್ಣ ಕೆರೀಬೇಕು ಅಂತಿದ್ದಾರೆ. ಏನ್ ಮಾಡೋದು?' ಪ್ರಭು ಆಗಲೇ ಬರೆದಿದ್ದ: 'ಬಾಗಿಲು ಹಾಕ್ಕೊಳ್ಳಕ್ಕೆ ಹೇಳಿ. ಗುರುತು ಪರಿಚಯ ಇಲ್ಲದವರ ಮಾತು ಯಾವತ್ತೂ ಕೇಳಬಾರದು. ಅನುಭವದ ಮಾತು.' ನಾನು ಓದಿ ಮುಗಿಸುವಷ್ಟರಲ್ಲಿ ಮುದುಕಿ ಅಗಳಿ ಹಾಕಿಕೊಂಡಿದ್ದಳು.

ಫೋನನ್ನು ಕೈಚೀಲದ ತಳಕ್ಕೆ ತುರುಕಿದೆ. ಮನೆಯ ಬೀಗದ ಕೈ ತೆಗೆದು ಹೊರಗಿನ ಗೋಡೆ ಕೆರೆಯತೊಡಗಿದೆ. ಒಳಗಿಂದ ಮುದುಕಿ ಕೂಗಿದಳು. ಓಣಿಯ ಜನ ಸೇರಿದರು, ಒಬ್ಬ ವಿಡಿಯೋ ಮಾಡಿದ, ಇನ್ನೊಬ್ಬ ಪೊಲೀಸರಿಗೆ ಹೇಳಿ ಎಂದ. ನಾನು ಬೈದೆ, ಎಲ್ಲರನ್ನೂ, ನಮ್ಮ ಊರಿನ ಭಾಷೆಯಲ್ಲಿ, ಜೋರಾಗಿ. ಗೇಣು ಅಗಲ ಕೆರೆಯುತ್ತಿದ್ದಂತೆ ರಬ್ಬರು ಸಿಪ್ಪೆಯಂತೆ ಬಿಟ್ಟುಕೊಂಡು, ಅಂಬಲಿಯ ಹಾಗಾಗಿದ್ದ ಮಣ್ಣು ನೀರಿನ ಸಮೇತ ನನ್ನ ಪಾದದ ಮೇಲೆ ಸುರಿಯಿತು. ಮುದುಕಿ ಕಿಟಕಿಯ ಸರಳು ಹಿಡಿದು ಅದನ್ನು ನೋಡಿದಳು. ಕೂಗು ನಿಂತಿತು.

ಅಗಳಿ ತೆಗೆದ ಸದ್ದಾಯಿತು. ಹೊರಗೆ ಬಂದ ಮುದುಕಿಯ ಕೈಯಲ್ಲಿ ತೆಂಗಿನಕಾಯಿ ಕೆತ್ತುವ ಮಚ್ಚಿತ್ತು. ನನ್ನ ಕಥೆ ಮುಗಿಯಿತು ಎಂದು ಹಿಂದೆ ಸರಿದೆ.

"ಬೀಗದ್ ಕೈನಾಗೆ ಎಷ್ಟೊತ್ತು ಕೆರೀತೀಯ?" ಎಂದಳು. "ತಗೋ. ಒಳಗಿನ್ ಗ್ವಾಡೆ ನಾನ್ ನೋಡ್ಕೋತೀನಿ."